ಟೆಸ್ಟರಕ್ಕ ಬೀಗ ತೆಗೆದ ಹೊತ್ತು

ಎಡಗೈಯ ಒಳಮಗ್ಗುಲಿಗೆ ಮುಖ ಮಾಡಿ ಕಟ್ಟಿದ ಗಂಡಸರ ವಾಚು. ಹೊರಮಗ್ಗುಲಿಗೆ ಕಟ್ಟಿದರೆ ಹಾಲು ಸಿಡಿದು ಗಾಜು ಮಂಕಾಗುತ್ತದೆಂದು ಹಾಗೆ ಕಟ್ಟುತ್ತಿದ್ದರು. ಬಡಕಲು ಕೈಗೆ ಪಟ್ಟಿ ದೊಡ್ಡದಾಗಿ, ಮೊಳೆಯಿಂದ ಇನ್ನೆರಡು ತೂತು ಮಾಡಿಕೊಂಡಿದ್ದರು. ಹೊತ್ತು ನೋಡುವಾಗ ಅಂಗೈ ಮೇಲಾಗಿ, ಏನೋ ಬೇಡುತ್ತಿರುವ ಹಾಗೆ ಕಾಣುತ್ತಿತ್ತು. ಆದರೆ ಅವರು ಯಾರಲ್ಲೂ ಏನನ್ನೂ ಬೇಡಿದವರಲ್ಲ. ಒಂದೇ ಒಂದು ಸಲ ನನ್ನಿಂದ ಒಂದು ಮಾತು ಬಯಸಿದರು. ನಾನು ಅದನ್ನು ಆಡಲಿಲ್ಲ.

ಹಂಪಾಪುರದಿಂದ ಒಳಕ್ಕಿರುವ ಒಂದು ಊರಿನ ಹಾಲಿನ ಡೇರಿಯಲ್ಲಿ ಅವರು ಟೆಸ್ಟರ್. ಜನ ತಂದ ಹಾಲನ್ನು ಪರೀಕ್ಷಿಸಿ, ನೀರು ಬೆರೆತಿದ್ದರೆ ವಾಪಸು ಕಳಿಸುವ ಕೆಲಸ. ಊರಿಗೆಲ್ಲ ಟೆಸ್ಟರಕ್ಕ. ನಾನು ಹುಣಸೂರಿನ ಕಂಪ್ಯೂಟರ್ ಅಂಗಡಿಯೊಂದರ ನೌಕರ. ಎರಡು ಸಾವಿರದ ಇಸವಿ ಕಳೆದು ಡೇರಿಗಳಿಗೂ ಕಂಪ್ಯೂಟರ್ ಬರತೊಡಗಿದಾಗ, ಆ ಊರಿಗೆ ಅದನ್ನು ಕೂರಿಸಲು ಹೋದವನು ನಾನೇ. ಯಾವಾಗ ಆನ್ ಆಯಿತು, ಯಾರ ಹಾಲು ಎಷ್ಟು ಹೊತ್ತಿಗೆ ಬಂತು, ಯಾವಾಗ ಆಫ್ ಆಯಿತು, ಇದನ್ನೆಲ್ಲ ಮಶೀನು ಲಾಗ್ ಎಂಬ ದಿನಚರಿಯಲ್ಲಿ ತಾನೇ ಬರೆದಿಡುತ್ತಿತ್ತು. ಆ ಪ್ರೋಗ್ರಾಮು ಬರೆದವನೂ ನಾನೇ.

ಕಂಪ್ಯೂಟರಿನೊಳಗೆ ನಾಣ್ಯದಷ್ಟಗಲದ ಒಂದು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಹೊಸದು ತರುವ ಸೋಮಾರಿತನಕ್ಕೆ, ಗುಜರಿಗೆ ಹೋಗಬೇಕಿದ್ದ ಮಶೀನಿನಿಂದ ಕಿತ್ತ ಹಳೆಯ ಸೆಲ್ ಹಾಕಿದ್ದೆ. ಅದು ಪೂರ್ತಿ ಸತ್ತಿದ್ದರೆ ಯಾವುದೋ ಕಾಲದ ಇಸವಿ ತೋರಿಸಿ ಸಿಕ್ಕಿಬೀಳುತ್ತಿತ್ತು. ಅದು ಸೊರಗಿತ್ತು ಅಷ್ಟೆ. ಸಂಜೆ ಆಫ್ ಮಾಡಿದ ಗಳಿಗೆಯಲ್ಲೇ ಗಡಿಯಾರ ನಿಂತು, ಬೆಳಿಗ್ಗೆ ಆನ್ ಮಾಡಿದಾಗ ಅಲ್ಲಿಂದಲೇ ಮುಂದಕ್ಕೆ ಹೋಗುತ್ತಿತ್ತು. ನನ್ನ ಪ್ರೋಗ್ರಾಮೋ, ಎದ್ದ ಕೂಡಲೇ ‘ಆನ್ ಆಯಿತು’ ಎಂದು ಒಂದು ಸಾಲು ಬರೆದು, ಆಮೇಲೆ ‘ಇವತ್ತಿನ ತಾರೀಕೇನು, ಸರಿಯಾದ ಸಮಯ ಎಷ್ಟು’ ಎಂದು ಕೇಳುತ್ತಿತ್ತು. ಅಕ್ಕ ವಾಚು ನೋಡಿ ಒತ್ತುತ್ತಿದ್ದರು. ಅಲ್ಲಿಂದಾಚೆಗೆ ಎಲ್ಲ ಸರಿ. ಮೊದಲ ಸಾಲಿಗೆ ಮಾತ್ರ ದಿನಾ ಹಿಂದಿನ ಸಂಜೆಯ ಹೊತ್ತು ಬೀಳುತ್ತಿತ್ತು.

ಏಳನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು ಒಂದೇ ವಾರದಲ್ಲಿ ಇದನ್ನು ಹಿಡಿದರು.

“ಸಾರ್, ಇದು ಕಣ್ ಬುಡೋಕ್ ಮುಂಚೆನೇ ಟೈಮ್ ಹೇಳ್ತದೆ ಕಣ್ರೀ. ಮೊದ್ಲು ನನ್ ಕೇಳ್ಲಿ, ಆಮೇಲ್ ಬರ್ಕಳ್ಳಿ.”

ಪ್ರೋಗ್ರಾಮಿನಲ್ಲಿ ಎರಡು ಸಾಲು ಅದಲು ಬದಲು ಮಾಡಿದ್ದರೆ ಮುಗಿಯುತ್ತಿತ್ತು. “ಮುಂದಿನ ಸಲ ಮಾಡ್ತೀನಿ ಅಕ್ಕ. ಆ ಸಾಲನ್ನ ಯಾರು ನೋಡ್ತಾರೆ?” ಎಂದೆ.

“ಯಾರೂ ನೋಡಕಿಲ್ಲ ಅಂತ್ಲೇ ಆಲಿಗೆ ನೀರ್ ಬೆರ್ಸೋದು. ಟೈಮಿಗೂ ಬೆರ್ಸಬಾರ್ದು ಬುಡಿ” ಎಂದು ಕ್ಯಾನು ತೊಳೆಯಲು ಹೋದರು.

ಮುಂದಿನ ಸಲವೂ ನಾನು ಮಾಡಲಿಲ್ಲ. ಅದಕ್ಕೆ ಅವರು ತಮ್ಮದೇ ದಾರಿ ಹಿಡಿದರು. ಬೀಗ ತೆಗೆದ ತಕ್ಷಣ ವಾಚು ನೋಡಿ, ಬಾಗಿಲಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಆ ಹೊತ್ತನ್ನು ಬರೆಯುವುದು, ಭಾನುವಾರಕ್ಕೊಮ್ಮೆ ಒರೆಸುವುದು.

ಆ ಬೇಸಿಗೆಯಲ್ಲಿ ಡೇರಿಯ ಅಧ್ಯಕ್ಷನ ಮನೆಯ ಹಾಲಿನಲ್ಲಿ ನೀರು ಕಂಡಿತು. ಆ ಮನುಷ್ಯನಿಗೆ ಇಲ್ಲಿ ಬಹುವಚನ ಕೊಡುವ ಮನಸ್ಸು ನನಗಿಲ್ಲ. ಅಕ್ಕ ಎಲ್ಲರ ಹಾಲನ್ನು ಕಳಿಸುವ ಹಾಗೆಯೇ ಅವನ ಹಾಲನ್ನೂ ಸಾಲಿನಲ್ಲಿ ನಿಂತವರ ಮುಂದೆ ವಾಪಸು ಕಳಿಸಿದರು. ನಾಲ್ಕೇ ದಿನಕ್ಕೆ ಊರಿನ ಬೆಳಗಿನ ಹಾಲೆಲ್ಲ ಒಡೆದಿದೆಯೆಂದು ಶೀತಲ ಕೇಂದ್ರದಿಂದ ಹಿಂದಕ್ಕೆ ಬಂತು. ಅವತ್ತು ಲಾರಿ ಎರಡು ಗಂಟೆ ತಡವಾಗಿತ್ತು, ಕ್ಯಾನುಗಳು ಬಿಸಿಲಿನಲ್ಲಿ ನಿಂತಿದ್ದವು. ಅದು ಊರಿಗೆಲ್ಲ ಗೊತ್ತು.

ಮಾರನೆಯ ದಿನ ಅಧ್ಯಕ್ಷ ನನ್ನನ್ನು ಕರೆಸಿ ಲಾಗಿನ ಒಂದು ಹಾಳೆ, ಒಂದೇ ಹಾಳೆ, ಪ್ರಿಂಟ್ ತೆಗೆಸಿದ. ಅಷ್ಟರಲ್ಲಿ ಕರೆಂಟ್ ಹೋಯಿತು. ಡೇರಿಯ ಜಗಲಿಯ ಮೇಲೆ ಹಾಲು ಹಾಕುವವರೆಲ್ಲ ಸೇರಿದ್ದರು. ಅಧ್ಯಕ್ಷ ಓದಿದ.

“ಮೊನ್ನೆ ಸಂಜೆ ಏಳೂ ನಾಕಕ್ಕೆ ಆಫ್. ಏಳೂ ಐದಕ್ಕೆ ತಿರ್ಗ ಆನ್. ಲಾರಿ ಹೋದ್ಮೇಲೆ ಬಾಗ್ಲು ತೆಗ್ದು ಯಾರ ಆಲು ಸುರ್ಕಂಡೆ? ಆ ತಂಗಳಾಲ್ನೇ ತಾನೆ ಬೆಳಗ್ಗೆ ಬೆರೆಸಿದ್ದು?”

“ಅದು ಆನ್ ಆಗಿದ್ದು ನಿನ್ನೆ ಬೆಳಗ್ಗೆ. ಮಶೀನು ಸಂಜೆ ಟೈಮ್ನೇ ಹಿಡ್ಕಂಡು ಎದ್ದದೆ. ಹಿಂದಿನ್ ದಿನಗಳದ್ನೂ ತೆಗ್ಸಿ ನೋಡಿ, ದಿನಾ ಅಂಗೇ ಇರ್ತದೆ. ಬಾಗಿಲ್ ಮೇಲೆ ಬರ್ದಿವ್ನಿ, ಐದೂ ಐವತ್ತು.”

“ಸೀಮೆಸುಣ್ಣ ಯಾರ್ ಬೇಕಾದ್ರೂ ಗೀಚ್ತಾರೆ. ಮಶೀನು ಸುಳ್ಳೇಳ್ತದಾ?”

“ಕರೆಂಟ್ ಬರೋಗಂಟ ಕಾಯ್ರಿ. ನಿಮ್ಮೆಲ್ಲರ ಮುಂದೆ ಆನ್ ಮಾಡ್ತೀನಿ. ಇಲ್ದಿದ್ರೆ ಈ ಸಾರ್‌ನ ಕೇಳಿ, ಇವ್ರಿಗೆ ಗೊತ್ತು.”

ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನೂ ನಾಲ್ಕು ಡೇರಿಗಳಿಗೆ ನಮ್ಮ ಅಂಗಡಿಯ ಮಶೀನು ಕೊಡಿಸುತ್ತೇನೆಂದು ಅಧ್ಯಕ್ಷ ಹೇಳಿದ್ದ. ಹಳೆಯ ಸೆಲ್ಲಿನ ವಿಷಯ ಹೊರಬಿದ್ದರೆ ನನ್ನ ಕೆಲಸ ಹೋಗುತ್ತಿತ್ತು. “ಮಶೀನು ಆನ್ ಆದಾಗಲೇ ಆ ಸಾಲು ಬರೆಯೋದು” ಎಂದೆ. ಅಕ್ಷರಕ್ಷರವೂ ನಿಜ. ಅದಕ್ಕಿಂತ ಹೇಸಿಗೆಯ ಸುಳ್ಳನ್ನು ನಾನು ಬದುಕಿನಲ್ಲಿ ಆಡಿಲ್ಲ.

ಅಕ್ಕ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಅಭ್ಯಾಸಬಲದಿಂದ ವಾಚು ನೋಡಿಕೊಂಡು ಇಳಿದು ಹೋದರು. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು. ಇಪ್ಪತ್ತು ನಿಮಿಷ ಕಾಯಲು ಆ ಜಗಲಿಯ ಮೇಲೆ ಒಬ್ಬನಿಗೂ ಪುರುಸೊತ್ತಿರಲಿಲ್ಲ. ಅಕ್ಕನ ಕೈಯಲ್ಲಿ ವರ್ಷಗಟ್ಟಲೆ ಹಾಲು ಅಳೆಸಿಕೊಂಡ ಜನ ಪಂಚೆ ಕೊಡವಿಕೊಂಡು ಎದ್ದು ಹೋದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅಧ್ಯಕ್ಷನ ಮೇಲೆ, ಆ ಜನರ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ.

ಮರುದಿನ ಹೋಗಿ ಹೊಸ ಸೆಲ್ ಹಾಕಿದೆ, ಆ ಎರಡು ಸಾಲನ್ನೂ ಅದಲು ಬದಲು ಮಾಡಿದೆ. ಹೊಸ ಟೆಸ್ಟರ್ ಅಧ್ಯಕ್ಷನ ಭಾವಮೈದ. ಅವನ ಕೈಯಲ್ಲಿ ವಾಚೇ ಇರಲಿಲ್ಲ. ಬಾಗಿಲಿಗೆ ಆಗಲೇ ಬಣ್ಣ ಬಳಿದಿದ್ದರು.

ಮೂರು ವರ್ಷದ ಮೇಲೆ ತಾಲ್ಲೂಕು ಕೇಂದ್ರವಾದ ಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕರು. ಸರಗೂರಿನ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ತಪ್ಪಿಸಿಕೊಳ್ಳಲು ನೋಡಿದೆ, ಅವರೇ ಕರೆದರು.

“ಆ ಸಾಲು ಸರಿ ಮಾಡಿದ್ರಾ ಸಾರ್?”

“ಮಾರನೇ ದಿನಾನೇ ಮಾಡ್ದೆ ಅಕ್ಕ.”

“ಒಂದಿನ ಮುಂಚೆ ಮಾಡಿದ್ರೆ ಆಗ್ತಿರ್ಲಿಲ್ವಾ?” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸರಗೂರಿನ ಬಸ್ಸು ಬಂತು, ಅಂಗೈ ತಿರುಗಿಸಿ ಹೊತ್ತು ನೋಡಿ ಹತ್ತಿದರು.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ. ಕಳ್ಳಿ ಎನ್ನಿಸಿಕೊಂಡೇ ಹೋದರು, ಆ ಊರಿನ ಮಟ್ಟಿಗೆ. ಜಗಲಿಯ ಮೇಲೆ ನಾನು ಹೇಳಬೇಕಿದ್ದ ಮಾತು ಇಷ್ಟೇ ಇತ್ತು. ಸಂಜೆ ಏಳೂ ನಾಲ್ಕಕ್ಕೆ ಟೆಸ್ಟರಕ್ಕ ಮಶೀನು ಆರಿಸಿ ಬೀಗ ಹಾಕಿದರು. ಮರುದಿನ ಬೆಳಿಗ್ಗೆ ಐದೂ ಐವತ್ತಕ್ಕೆ ಬೀಗ ತೆಗೆದರು. ನಡುವೆ ಆ ಬಾಗಿಲನ್ನು ಯಾರೂ ತೆರೆದಿಲ್ಲ.