ಕತ್ತಿಗೆ ಹತ್ತದ ತಾಮ್ರ

ತಾಮ್ರದ ಉಪ್ಪಾದ ಮೈಲುತುತ್ತಕ್ಕೆ ಸುಣ್ಣ ಬೆರೆಸಿ, ಕೊಳೆರೋಗ ಬಾರದಂತೆ ಕಾಳುಮೆಣಸಿನ ಬಳ್ಳಿಗೆ ಹೊಡೆಯುವ ಮುಂಚೆ ನಮ್ಮ ತೋಟದ ಮೇಸ್ತ್ರಿ ಅದರಲ್ಲಿ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಎಲೆ ಸುಡುತ್ತದೆ ಎಂದರ್ಥ.

ಕಳೆದ ಮಳೆಗಾಲಕ್ಕೆ ಮುಂಚೆ ನಾನು ಮೈಲುತುತ್ತದ ಬದಲು ಆಲ್ದೂರಿನಿಂದ ನ್ಯಾನೋ ತಾಮ್ರದ ಪುಟ್ಟ ಬಾಟಲಿ ತಂದೆ. ಕಣ ಬಹಳ ಸಣ್ಣದಂತೆ, ಚೂರು ಹಾಕಿದರೆ ಸಾಕಂತೆ. ಮೇಸ್ತ್ರಿ ಅದನ್ನು ನೀರಿಗೆ ಕಲಸಿ, ಡ್ರಮ್ಮಿಗೆ ಎಂದಿನಂತೆ ಕತ್ತಿ ಅದ್ದಿದರು. ಅದು ಹಾಗೆಯೇ ಹೊಳೆಯುತ್ತ ಮೇಲೆ ಬಂತು.

"ಇದು ಪಾಪದ್ದು, ಏನೂ ಮಾಡಲ್ಲ ಬಿಡಿ ಅಯ್ಯಾ," ಎಂದು ಮೂಗಿಗೆ ಸುತ್ತಿದ್ದ ಟವೆಲ್ ಬಿಚ್ಚಿದರು.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನ್ನ ತಂಗಿ ರಜೆಗೆ ಬಂದಿದ್ದಳು. ಜಗಲಿಯಿಂದಲೇ ಕೂಗಿದಳು: "ಬಿಚ್ಚಬೇಡಿ ಮೇಸ್ತ್ರಿ! ಕಣ ಸಣ್ಣದಾದಷ್ಟೂ ಜೀವಕೋಶದೊಳಗೆ ಸಲೀಸಾಗಿ ನುಗ್ಗುತ್ತೆ. ದಪ್ಪ ಪುಡಿ ಮಾಡದ ಹಾನಿಯನ್ನ ಅದೇ ತಾಮ್ರದ ಸಣ್ಣ ಪುಡಿ ಮಾಡಬಹುದು."

ನನಗೆ ರೇಗಿತು. ದಿನಾ ಬೆಳಿಗ್ಗೆ ತಾಮ್ರದ ಚೊಂಬಿನ ನೀರು ಕುಡಿ ಎಂದು ನನ್ನ ಬೆನ್ನು ಹತ್ತಿದವಳೂ ಇವಳೇ.

"ಹಾಗಾದ್ರೆ ಎಷ್ಟು ಸಣ್ಣದಾದ್ರೆ ವಿಷ, ಹೇಳು."

"ಎಷ್ಟು ಒಳಗೆ ಹೋಯ್ತು, ಎಂಥ ಕೋಶ, ಅದೆಲ್ಲ ನೋಡ್ಬೇಕು. ಒಂದೇ ಗೆರೆ ಎಳೆಯೋಕಾಗಲ್ಲ ಮಾರಾಯ."

ಬಾಟಲಿಯನ್ನು ಮುಚ್ಚಿಡಬೇಕೋ ಚೊಂಬನ್ನು ಮುಚ್ಚಿಡಬೇಕೋ ನನಗೆ ತಿಳಿಯಲಿಲ್ಲ. ಮೇಸ್ತ್ರಿ ಮಾತ್ರ ಆ ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೊನೆಗೆ ತಂಗಿಯನ್ನು ಕೇಳಿದರು:

"ಎಲೆ ಸುಡುತ್ತಾ ಅಂತ ಕತ್ತಿ ಹೇಳುತ್ತೆ ಅಮ್ಮಾ. ನಮ್ಮೊಳಗೆ ಸುಡುತ್ತಾ ಅಂತ ನೋಡೋಕೆ ಕತ್ತೀನ ಎಲ್ಲಿ ಅದ್ದೋದು?"