ಸೀಟಿಗೆ ಎಸೆದ ಟವೆಲ್

ಮಕ್ಕಳೇ, ಇವತ್ತು ಬೀರು ತೆಗೆದಾಗ ನಿಮ್ಮ ತಾತನ ಕೆಂಪಂಚಿನ ಟವೆಲ್ ಸಿಕ್ಕಿತು. ಎಷ್ಟು ಒಗೆದರೂ ಅದಕ್ಕೆ ಬಸ್ಸಿನ ಕಿಟಕಿ ಸರಳಿನ ತುಕ್ಕಿನ ವಾಸನೆ. ಮೂಗಿಗೆ ಹಿಡಿದು ನಿಂತೇಬಿಟ್ಟೆ. ಅತ್ತ ಹಾಲು ಉಕ್ಕಿ ಹೋಯಿತು.

ಆಗ ನಾವು ಬಾಗಲೂರಿನಲ್ಲಿದ್ದೆವು. ತಾತನಿಗೆ ಹೆಬ್ಬಾಳದ ನರ್ಸರಿಯೊಂದರಲ್ಲಿ ಗಿಡ ನೋಡುವ ಕೆಲಸ. ಬೆಳಗಿನ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯಬೇಕು. ಟವೆಲ್ ಬಿದ್ದ ಕಡೆ ಬೇರೆಯವರು ಕೂರುವಂತಿರಲಿಲ್ಲ. ಯಾರಾದರೂ ತಡವಾದರೆ ಉಳಿದವರು, "ತಡಿಯಣ್ಣ, ಅಗೋ ಓಡ್ ಬತ್ತಾವ್ರೆ" ಎಂದು ಡ್ರೈವರನನ್ನು ನಿಲ್ಲಿಸುತ್ತಿದ್ದರು.

ವಿಮಾನ ನಿಲ್ದಾಣ ಬಂದಮೇಲೆ ಮನೆಮನೆಗೂ ಬೈಕು ಬಂತು, ಕೆಲವರಿಗೆ ಕಾರು. ಪಕ್ಕದ ಮನೆಯ ಮುನಿರಾಜು ಕಾರಿನ ಗಾಜು ಇಳಿಸಿ, ಬಸ್ಸು ಬಿಡದ ತಾತನನ್ನು ಛೇಡಿಸುತ್ತಿದ್ದ: "ನೀನೊಬ್ನೇ ಇಂಗೆ ಬಸ್ಸಲ್ಲಿ ಕುಂತ್ರೆ ಊರ್ ಹೊಗೆ ನಿಂತೋಯ್ತದಾ ಅಣ್ಣ?"

"ನನ್ ಪಾಲಿನ್ ಹೊಗೆ ನಾನ್ ಬಿಡಲ್ಲ ಕಣಪ್ಪ, ಅಷ್ಟೇ" ಎನ್ನುತ್ತಿದ್ದರು ತಾತ.

ನನಗೆ ಹೆಮ್ಮೆಯೇ. ಆದರೂ ಒಂದು ರಾತ್ರಿ ಅನ್ನ ಬಡಿಸುತ್ತ, "ಕಾರು ಬೈಕಿನವ್ರನ್ನೂ ಕರೀರಿ, ಎಲ್ಲಾ ಸೇರಿ ಡಿಪೋಗೆ ಹೋಗಿ, ಇನ್ನೊಂದು ಬಸ್ ಕೇಳಿ" ಎಂದೆ. "ನಾನ್ ಯಾರ ಬಾಗಿಲೂ ತಟ್ಟಲ್ಲ" ಎಂದರು. ಮಾತಿಗೆ ಹೆದರುವವಳು ನಾನು. ಸಾರಿನ ಸೌಟು ಕೈಗೆತ್ತಿಕೊಂಡೆ.

ಬಸ್ಸು ಖಾಲಿಯಾಗುತ್ತ ಬಂತು. ತಾತ ಮಾತ್ರ ಟವೆಲ್ ಎಸೆಯುವುದನ್ನು ಬಿಡಲಿಲ್ಲ. "ಯಾರಿಗ್ ಹಿಡೀತಿದೀರಾ ಯಜಮಾನ್ರೇ? ಇಡೀ ಬಸ್ಸೇ ನಿಮ್ದು" ಎಂದು ಕಂಡಕ್ಟರ್ ನಗುತ್ತಿದ್ದನಂತೆ. ಕೊನೆಗೆ ಜನವಿಲ್ಲವೆಂದು ಆ ಬಸ್ಸನ್ನೇ ನಿಲ್ಲಿಸಿದರು. ಆಮೇಲೆ ತಾತ ಬೇರೆ ಬಸ್ಸು ಹಿಡಿಯಲು ದಿನವೂ ಹೆದ್ದಾರಿಯವರೆಗೂ ಲಾರಿಗಳ ಹಿಂದೆ ನಡೆದರು. ಕೆಮ್ಮು ಹಿಡಿಯಿತು, ಹಿಡಿದದ್ದು ಅವರನ್ನು ಕರೆದುಕೊಂಡೇ ಹೋಯಿತು. ತಾನು ಹೊಗೆ ಬಿಡದ ಮನುಷ್ಯ ಊರಿನವರ ಹೊಗೆಯನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಹೋದರು.

ನಿನ್ನೆ ಈ ಸಂಜಯನಗರದ ಮನೆಯಲ್ಲಿ, ದೀಪಾ, ನೀನು ಹೇಳಿದೆ: "ಅಜ್ಜಿ, ನಮ್ ರೋಡಿನ ಬಸ್ಸೂ ನಿಲ್ಲಿಸ್ತಾರಂತೆ. ಪರ್ವಾಗಿಲ್ಲ, ಕಾಲೇಜಿಗೆ ಹೆಬ್ಬಾಳದ ಹೈವೇ ಮೇಲೆ ಸೈಕಲ್ಲಲ್ಲೇ ಹೋಗ್ತೀನಿ. ತಾತನ ಥರ, ಹೊಗೆ ಬಿಡದೆ!" ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನ್ನ ಕೈ ಮೇಲೇಳಲಿಲ್ಲ.

ಉಕ್ಕಿದ ಹಾಲು ಒರೆಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ಎದುರು ಮನೆಗೆ ಹೋದೆ. ಅವರೊಂದಿಗೆ ಇಷ್ಟು ವರ್ಷ ನನ್ನದು ಬರೀ ನಗೆಯ ಪರಿಚಯ. "ಬಸ್ ಉಳಿಸಿ ಅಂತ ಕೇಳೋಕೆ ಎಲ್ಲಾ ಒಟ್ಟಿಗೆ ಹೋಗೋಣ ಬನ್ನಿ" ಎಂಬ ಮಾತನ್ನು ಮನಸ್ಸಿನಲ್ಲೇ ಉರುಹೊಡೆದು ಬೆಲ್ ಒತ್ತಿದೆ. ಒಳಗೆ ಟೀವಿ ಸದ್ದು. ಯಾರೂ ಬರಲಿಲ್ಲ. ತಿರುಗಿ ಹೋಗೋಣವೆನ್ನಿಸಿತು.

ಇನ್ನೊಮ್ಮೆ ಒತ್ತಿದೆ.