ಗೇರ್‌ಬಾಕ್ಸಿಗೆ ಸುತ್ತಿದ ರಾಗಿ ಹುಲ್ಲು

ನಾನು ಕಾರು ಕೊಂಡು ಮೂರೇ ತಿಂಗಳಾಗಿತ್ತು, ಗ್ಯಾರಂಟಿ ಇನ್ನೂ ಮುಗಿದಿರಲಿಲ್ಲ; ಅಷ್ಟರಲ್ಲೇ ಎಣ್ಣೆ ಸೋರಿ ಗೇರ್‌ಬಾಕ್ಸ್ ಕೆಟ್ಟಿತು. ಹೊಸೂರಿಗೆ ಬಂದ ಕಂಪನಿ ಇಂಜಿನಿಯರ್ ಕಾರಿನಡಿಯಿಂದ ರಾಗಿ ಹುಲ್ಲು ಎಳೆದು ತೋರಿಸಿ, "ಹುಲ್ಲು ಸುತ್ತಿಕೊಂಡೇ ಸೀಲು ಹರಿದು ಎಣ್ಣೆ ಸೋರಿದೆ. ಕಾರಿನಲ್ಲಿ ಒಕ್ಕಣೆ ಮಾಡಿದ್ದೀರಿ. ಗ್ಯಾರಂಟಿ ಸಿಗಲ್ಲ" ಎಂದರು.

"ನಾನು ಮಾಡಿಲ್ಲ ಸಾರ್, ರಸ್ತೆ ಬದಿಯ ರೈತರು ಮಾಡಿಸಿದ್ದು!" ಎಂದೆ. ನಮ್ಮ ಕಡೆ ಗಾಡಿಗಳು ತುಳಿದು ಕಾಳು ಉದುರಲೆಂದು ತೆನೆಯನ್ನು ರಸ್ತೆಯಲ್ಲೇ ಹರಡುತ್ತಾರೆ. ವಿವರಿಸಿದರೂ ಅವರು ನಂಬಲಿಲ್ಲ. ಅವರ ಕಾರಿನಲ್ಲೇ ಡೆಂಕಣಿಕೋಟೆ ರಸ್ತೆಗೆ ಕರೆದೊಯ್ದೆ. ತಿರುವು ದಾಟಿದರೆ ರಸ್ತೆ ತುಂಬ ರಾಗಿ! ವಿಧಿಯಿಲ್ಲದೆ ಅದರ ಮೇಲೇ ಓಡಿಸಿದರು. ನನಗೆ ಕುಣಿಯುವಷ್ಟು ಸಂತೋಷ.

ಮೊರ ಹಿಡಿದ ಅಜ್ಜಿಯೊಬ್ಬಳು ಓಡಿಬಂದು, "ಚೆನ್ನಾಗಿ ಉದುರ್ತದೆ ಸಾಮಿ, ಇನ್ನೊಂದು ಸುತ್ತು ಬಂದ್ಬುಡಿ!" ಎಂದಳು.

ಇಂಜಿನಿಯರ್ ಇಳಿದು, ತಮ್ಮ ಕಾರಿನಡಿಯ ಹುಲ್ಲು ಕಿತ್ತು, ನನ್ನ ಗ್ಯಾರಂಟಿ ಅರ್ಜಿಗೆ ಸಹಿ ಹಾಕಿದರು. ವಾಪಸು ಬರಲು ಅದೊಂದೇ ರಸ್ತೆ. ಹಾಗಾಗಿ ಅಜ್ಜಿ ಕೇಳಿದ ಇನ್ನೊಂದು ಸುತ್ತೂ ಆಯಿತು.